ಎಲ್‌ಪಿಜಿ ವಾಹನದ ಓಟದ ದೂರ: ನಾಲ್ಕು ಸಲಹೆಗಳ ವಿಮರ್ಶೆ

ಬೀದರ್ ನಗರದ ಅಂಚಿನ ನೌಬಾದ ಹೆಸರಾಗಿರುವುದು ಬಹಮನಿ ಕಾಲದ ಕಾರೇಜಿಗೆ, ಅಂದರೆ ಮುರಕಲ್ಲಿನ ನೆಲದಡಿಯಲ್ಲಿ ಕೊರೆದ ನೀರಿನ ಸುರಂಗಕ್ಕೆ. ಅದೇ ನೌಬಾದದಲ್ಲಿ, ಭಾಲ್ಕಿ ಕಡೆಗೆ ಹೊರಟ ಹಳೆಯ ಗ್ಯಾಸ್ ವ್ಯಾನೊಂದರ ಚಾಲಕರನ್ನು ಮಾತಿಗೆಳೆದು ನೋಡಿ. ಅವರ ಬಾಯಲ್ಲಿ ಬರುವುದು ಕಾರೇಜಿನ ಸುದ್ದಿಯಲ್ಲ, ಮೈಲೇಜಿನ ಸುದ್ದಿ. "ಪೆಟ್ರೋಲಿನಷ್ಟು ಕೊಡವಲ್ದ್ರಿ ಸರ್, ಏನ್ ಮಾಡಬೇಕು?" ಎಂದು ಅವರು ಕೇಳಿದರೆ ಅಕ್ಕಪಕ್ಕದವರೆಲ್ಲ ಒಂದೊಂದು ಉಪಾಯ ಹೇಳುತ್ತಾರೆ. ಅನಿಲ ತುಂಬುವ ಬಂಕುಗಳು ದೊಡ್ಡ ಊರುಗಳಲ್ಲಿ ಹೆಚ್ಚು, ಸಣ್ಣ ಊರುಗಳಲ್ಲಿ ವಿರಳ. ಆದ್ದರಿಂದ ಒಮ್ಮೆ ತುಂಬಿಸಿದರೆ ಎಷ್ಟು ದೂರ ಹೋಗಬಹುದು ಎಂಬುದು ನಮ್ಮ ಕಡೆಯ ಚಾಲಕರಿಗೆ ಹೊಟ್ಟೆಪಾಡಿನ ಪ್ರಶ್ನೆ. ಅದನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ಉಪಾಯಗಳನ್ನು ಪರೀಕ್ಷಿಸದೆ ಬಿಡುವಂತೆಯೂ ಇಲ್ಲ. ಕರಪತ್ರಗಳಲ್ಲಿ, ಗ್ಯಾರೇಜುಗಳ ಮಾತಿನಲ್ಲಿ, ಈಗ ಮೊಬೈಲಿನ ವಿಡಿಯೋಗಳಲ್ಲಿ ಹರಿದಾಡುವ ಸಲಹೆಗಳು ಮುಖ್ಯವಾಗಿ ನಾಲ್ಕು. ಇಂಧನದ ಕೊಳವೆಗೆ ಅಯಸ್ಕಾಂತ ಕಟ್ಟುವುದು ಮೊದಲನೆಯದು. ನೀರನ್ನು ವಿಭಜಿಸಿ ಬರುವ ಅನಿಲವನ್ನು ಎಂಜಿನ್ನಿಗೆ ಬಿಡುವುದು ಎರಡನೆಯದು. ಗ್ಯಾಸಿನ ತಿರುಪು ಬಿಗಿ ಮಾಡಿ ಮಿಶ್ರಣವನ್ನು ತೆಳುಗೊಳಿಸುವುದು ಮೂರನೆಯದು. ಟ್ಯಾಂಕಿನೊಳಗಿನ ಫ್ಲೋಟನ್ನು ಬಗ್ಗಿಸಿ, ನಿಗದಿಗಿಂತ ಹೆಚ್ಚು ಅನಿಲ ಹಿಡಿಯುವಂತೆ ಮಾಡುವುದು ನಾಲ್ಕನೆಯದು. ಇಂಥವು ವಿಜ್ಞಾನ ಪ್ರದರ್ಶನದ ಮೇಜಿನ ಮೇಲೂ 'ಇಂಧನ ಉಳಿತಾಯದ ಮಾದರಿ'ಗಳಾಗಿ ಬಂದು ಕೂರುತ್ತವೆ. ತೀರ್ಪುಗಾರರಾದ ನಾವು, ಶಿಕ್ಷಕರು, ಬಣ್ಣದ ಚಿತ್ರ ನೋಡಿ ಅಂಕ ಕೊಟ್ಟು ಮುಂದೆ ಹೋಗುತ್ತೇವೆ. ಈ ಲೇಖನ ಚಾಲಕರಿಗಿಂತ ಹೆಚ್ಚಾಗಿ ನಮಗಾಗಿಯೇ ಬರೆದದ್ದು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಎರಡು ಸಲಹೆಗಳಿಗೆ ಹಣ ಖರ್ಚಾಗುತ್ತದೆ, ಕೆಲಸ ಆಗುವುದಿಲ್ಲ. ಮೂರನೆಯದರಲ್ಲಿ ಅರ್ಧ ಸತ್ಯವಿದೆ. ನಾಲ್ಕನೆಯದು ಹೆಚ್ಚು ಖರ್ಚಿಲ್ಲದೆ ನಿಜವಾಗಿಯೂ ಓಟದ ದೂರವನ್ನು ಹೆಚ್ಚಿಸುತ್ತದೆ. ಮಾಡಲೇಬಾರದ್ದು ಅದನ್ನೇ!

ಲೆಕ್ಕದ ಬುನಾದಿ

ನಮ್ಮ ದೇಶದಲ್ಲಿ ಎಲ್‌ಪಿಜಿಯನ್ನು ವಾಹನದ ಇಂಧನವಾಗಿ ಬಳಸಲು ಕಾನೂನು ಅವಕಾಶ ಕೊಟ್ಟದ್ದು 2000ದಲ್ಲಿ, ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು. ಆ ದಶಕದಲ್ಲಿ ಬೆಂಗಳೂರಿನ ಆಟೋಗಳು ದೊಡ್ಡ ಸಂಖ್ಯೆಯಲ್ಲಿ ಎಲ್‌ಪಿಜಿಗೆ ಬದಲಾದವು. ಮಾರುತಿ ಓಮ್ನಿಯಂಥ ವ್ಯಾನುಗಳಿಗೂ ಕಿಟ್ ಬಂತು. ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು, ಆದರೆ ಹಳೆಯ ವ್ಯಾನುಗಳು ರಸ್ತೆಯಿಂದ ಒಮ್ಮೆಲೇ ಮಾಯವಾಗುವುದಿಲ್ಲ. ಹೀಗೆ ಬದಲಾಯಿಸಿದ ವಾಹನದಲ್ಲಿ ಪೆಟ್ರೋಲ್ ಟ್ಯಾಂಕೂ ಉಳಿದಿರುತ್ತದೆ, ಜೊತೆಗೆ ಉಕ್ಕಿನ ಗ್ಯಾಸ್ ಟ್ಯಾಂಕೂ ಇರುತ್ತದೆ. ಟ್ಯಾಂಕಿನಲ್ಲಿ ಒತ್ತಡಕ್ಕೊಳಗಾಗಿ ದ್ರವವಾಗಿರುವ ಪ್ರೊಪೇನ್-ಬ್ಯೂಟೇನ್ ಮಿಶ್ರಣ ಕೊಳವೆಯಲ್ಲಿ ಹರಿದು ಆವಿಕಾರಕಕ್ಕೆ ಬರುತ್ತದೆ. ಅಲ್ಲಿ ಎಂಜಿನ್ನಿನ ಬಿಸಿನೀರಿನ ಶಾಖದಿಂದ ಆವಿಯಾಗಿ, ಗಾಳಿಯೊಡನೆ ಬೆರೆತು ಎಂಜಿನ್ನನ್ನು ಸೇರುತ್ತದೆ.

ಒಂದು ಕಿಲೋಗ್ರಾಂ ಎಲ್‌ಪಿಜಿ ಉರಿದರೆ ಸುಮಾರು 46 ಮೆಗಾಜೂಲ್ ಶಕ್ತಿ ಬರುತ್ತದೆ. ಪೆಟ್ರೋಲಿನಲ್ಲಿ ಇದು ಸುಮಾರು 43. ಅಂದರೆ ತೂಕದ ಲೆಕ್ಕದಲ್ಲಿ ಗೆಲ್ಲುವುದು ಎಲ್‌ಪಿಜಿಯೇ. ಆದರೆ ನಾವು ಇಂಧನ ಕೊಳ್ಳುವುದು ಲೀಟರಿನಲ್ಲಿ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋಗ್ರಾಮಿನಷ್ಟು ತೂಗುತ್ತದೆ, ಒಂದು ಲೀಟರ್ ದ್ರವ ಎಲ್‌ಪಿಜಿ ಸುಮಾರು 0.54 ಕಿಲೋಗ್ರಾಂ. ಹೀಗಾಗಿ ಒಂದು ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೂಲ್ ಇದ್ದರೆ ಒಂದು ಲೀಟರ್ ಎಲ್‌ಪಿಜಿಯಲ್ಲಿ 25 ಮಾತ್ರ. ಲೀಟರಿನ ಲೆಕ್ಕದಲ್ಲಿ ಮೈಲೇಜ್ ಐದರಲ್ಲಿ ಒಂದು ಭಾಗದಷ್ಟು ಇಳಿಯುವುದು ಇಂಧನದ ಗುಣ, ಮೆಕ್ಯಾನಿಕ್‌ನ ತಪ್ಪಲ್ಲ. ಈ ಸಣ್ಣ ಸಂಗತಿ ತಿಳಿಯದೆ 'ಗಾಡಿ ಕೆಟ್ಟಿದೆ' ಎಂದು ಭಾವಿಸಿದವರೇ ಉಪಾಯಗಳ ಮೊದಲ ಗಿರಾಕಿಗಳು.

ಇನ್ನು ಓಟದ ದೂರ. ಟ್ಯಾಂಕಿನಲ್ಲಿರುವ ಒಟ್ಟು ಶಕ್ತಿಯನ್ನು ಎಂಜಿನ್ನಿನ ದಕ್ಷತೆಯಿಂದ ಗುಣಿಸಿ, ವಾಹನವನ್ನು ತಡೆಯುವ ಸರಾಸರಿ ಬಲದಿಂದ ಭಾಗಿಸಿದರೆ ದೂರ ಸಿಗುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಸುತ್ತು ಅಂಕಿಗಳನ್ನೇ ಇಟ್ಟುಕೊಳ್ಳೋಣ. ಟ್ಯಾಂಕಿನ ಪೂರ್ಣ ಗಾತ್ರ 45 ಲೀಟರ್, ಅದರಲ್ಲಿ ತುಂಬಬಹುದಾದ ದ್ರವ 80 ಪ್ರತಿಶತ, ಅಂದರೆ 36 ಲೀಟರ್. ಶಕ್ತಿ 900 ಮೆಗಾಜೂಲ್. ದಕ್ಷತೆ 20 ಪ್ರತಿಶತ ಎಂದರೆ ಚಕ್ರಕ್ಕೆ ತಲಪುವುದು 180 ಮೆಗಾಜೂಲ್. ನಿಲ್ಲುವುದು, ಮತ್ತೆ ಹೊರಡುವುದು ಎಲ್ಲ ಸೇರಿ ಸರಾಸರಿ ತಡೆ 400 ನ್ಯೂಟನ್ ಎನ್ನಿ. ದೂರ 450 ಕಿಲೋಮೀಟರ್, ಅಂದರೆ ಲೀಟರಿಗೆ ಹನ್ನೆರಡೂವರೆ. ಈ ಅಂಕಿಗಳನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

ಅಯಸ್ಕಾಂತದ ಮಾತು

ಕೊಳವೆಯ ಸುತ್ತ ಅಯಸ್ಕಾಂತ ಕಟ್ಟಿದರೆ ಇಂಧನದ 'ಅಣುಗಳ ಗುಂಪು ಒಡೆದು' ಪೂರ್ಣವಾಗಿ ಉರಿಯುತ್ತದೆ ಎನ್ನುತ್ತಾರೆ. ಪ್ರೊಪೇನ್ ಮತ್ತು ಬ್ಯೂಟೇನ್ ಪ್ರತಿಕಾಂತೀಯ ವಸ್ತುಗಳು, ಅವುಗಳ ಅಣುಗಳಿಗೆ ಸ್ವಂತ ಕಾಂತತ್ವವಿಲ್ಲ. ಇದ್ದಿದ್ದರೂ ಏನಾಗುತ್ತಿತ್ತು? ಒಂದು ಟೆಸ್ಲಾದಷ್ಟು ಬಲವಾದ ಕ್ಷೇತ್ರದಲ್ಲಿ ಒಂದು ಎಲೆಕ್ಟ್ರಾನಿನ ಕಾಂತತ್ವದ ಶಕ್ತಿ ಸುಮಾರು 0.00006 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಉಷ್ಣತೆಯಲ್ಲಿ ಅಣುಗಳ ಎಗರಾಟದ ಶಕ್ತಿಯೇ 0.025, ಅಂದರೆ ನಾನೂರು ಪಟ್ಟು ಹೆಚ್ಚು. ಇಂಗಾಲ-ಜಲಜನಕ ಬಂಧ ಮುರಿಯಲು ಬೇಕಾದದ್ದು ನಾಲ್ಕಕ್ಕೂ ಮಿಕ್ಕಿ. ಸಂತೆಯ ಗದ್ದಲದಲ್ಲಿ ಪಿಸುಮಾತು ಆಡಿದಂತೆ! ಅದೂ ಅಲ್ಲದೆ, ಎಂಜಿನ್ನಿಗೆ ಹೋಗುವಾಗ ಎಲ್‌ಪಿಜಿ ಆಗಲೇ ಅನಿಲವಾಗಿರುತ್ತದೆ. ಒಡೆಯಲು ಅಲ್ಲಿ 'ಗುಂಪು' ಎಲ್ಲಿದೆ? ಇದಕ್ಕಿಂತ ಹೆಚ್ಚು ಜಾಗ ಈ ಸಲಹೆಗೆ ಬೇಡ.

ನೀರಿನಿಂದ ಅನಿಲ

ಎರಡನೆಯ ಸಲಹೆ ವಿದ್ಯಾರ್ಥಿಗಳಿಗೆ ಬಹಳ ಪ್ರಿಯ. ಗಾಜಿನ ಪಾತ್ರೆಯಲ್ಲಿ ಗುಳ್ಳೆಗಳು ಏಳುವುದು ಕಣ್ಣಿಗೆ ಕಾಣುತ್ತದೆ, ಕಡ್ಡಿ ಗೀರಿದರೆ ಟಪ್ ಎಂದು ಸದ್ದಾಗುತ್ತದೆ. ಜಲಜನಕ ಉರಿಯುವುದೂ ನಿಜ. ಆದರೆ ಎಷ್ಟು ಜಲಜನಕ? ಇದಕ್ಕೆ ಫ್ಯಾರಡೆಯ ನಿಯಮವೇ ಉತ್ತರ ಹೇಳುತ್ತದೆ, ಪಿಯುಸಿ ಪುಸ್ತಕ ಸಾಕು.

ವಾಹನದ ಬ್ಯಾಟರಿ ಸಾಲಿನಿಂದ 20 ಆಂಪಿಯರ್ ವಿದ್ಯುತ್ ಪಡೆದು, ಆರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದ್ದೇವೆ ಎನ್ನಿ. ಒಂದು ಮೋಲ್ ಜಲಜನಕಕ್ಕೆ ಎರಡು ಫ್ಯಾರಡೆ, ಅಂದರೆ ಸುಮಾರು 1,93,000 ಕೂಲಾಂ ಬೇಕು. ಆರು ಕೋಶಗಳಿಂದ ಸೆಕೆಂಡಿಗೆ ಬರುವುದು ಒಂದು ಮೋಲಿನ ಹತ್ತುಸಾವಿರದಲ್ಲಿ ಆರು ಭಾಗ. ನಿಮಿಷಕ್ಕೆ ಒಂದು ಲೀಟರಿಗೂ ಕಡಿಮೆ. ಅದೇ ನಿಮಿಷದಲ್ಲಿ 800 ಘನ ಸೆಂಟಿಮೀಟರಿನ ಎಂಜಿನ್ನು ನೂರಾರು ಲೀಟರ್ ಗಾಳಿಯನ್ನು ಒಳಗೆಳೆಯುತ್ತದೆ. ಆ ಜಲಜನಕ ಉರಿದಾಗ ಬರುವ ಶಾಖ ಸುಮಾರು 150 ವ್ಯಾಟ್.

ಈಗ ಖರ್ಚಿನ ಕಡೆ ನೋಡಿ. 20 ಆಂಪಿಯರ್, 13.8 ವೋಲ್ಟ್: 276 ವ್ಯಾಟ್. ಇದನ್ನು ಕೊಡುವ ಆಲ್ಟರ್ನೇಟರಿನ ದಕ್ಷತೆ 55 ಪ್ರತಿಶತ ಎಂದರೆ ಎಂಜಿನ್ನಿನ ದಂಡದಿಂದ 500 ವ್ಯಾಟ್ ಹೋಗುತ್ತದೆ. ಆ 500 ವ್ಯಾಟಿಗೆ ಎಂಜಿನ್ನು, ಕಾಲುಭಾಗ ದಕ್ಷತೆ ಎಂದು ಉದಾರವಾಗಿ ಒಪ್ಪಿದರೂ, 2000 ವ್ಯಾಟಿನಷ್ಟು ಗ್ಯಾಸ್ ಸುಡಬೇಕು. ಎರಡು ಸಾವಿರ ಕೊಟ್ಟು ನೂರೈವತ್ತು ಪಡೆಯುವ ವ್ಯಾಪಾರ! ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನಮ್ಮ ವ್ಯಾನು ಗಂಟೆಗೆ 4 ಲೀಟರ್ ಗ್ಯಾಸ್ ಸುಡುತ್ತದೆ, ಅಂದರೆ ಸುಮಾರು 28 ಕಿಲೋವ್ಯಾಟ್. ಅದರ ಮೇಲೆ 2 ಕಿಲೋವ್ಯಾಟ್ ಹೆಚ್ಚುವರಿ ಎಂದರೆ ಬಳಕೆ ಸುಮಾರು ಏಳು ಪ್ರತಿಶತ ಏರುತ್ತದೆ.

'ಜಲಜನಕ ಇಂಧನವಲ್ಲ, ಉಳಿದ ಇಂಧನ ಪೂರ್ತಿ ಉರಿಯಲು ನೆರವಾಗುತ್ತದೆ' ಎಂಬ ವಾದವೂ ಇದೆ. ಸುಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಉರಿಯದೆ ಹೋಗುವ ಇಂಧನ ಕೆಲವೇ ಪ್ರತಿಶತ. ಅದನ್ನೆಲ್ಲ ಉರಿಸಿದರೂ ಏಳು ಪ್ರತಿಶತದ ನಷ್ಟ ತುಂಬುವುದು ಕಷ್ಟ. ಎಂಜಿನ್ನು ಸುಸ್ಥಿತಿಯಲ್ಲಿ ಇಲ್ಲದಿದ್ದರೆ ಬೇಕಾದದ್ದು ಹೊಸ ಸ್ಪಾರ್ಕ್ ಪ್ಲಗ್, ನೀರಿನ ಪಾತ್ರೆಯಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಲವು ದಶಕಗಳಲ್ಲಿ ನೂರಕ್ಕೂ ಹೆಚ್ಚು ಇಂಧನ ಉಳಿತಾಯದ ಸಾಧನಗಳನ್ನು ಪರಿಶೀಲಿಸಿದೆ. ಅಲ್ಪಸ್ವಲ್ಪ ಉಳಿತಾಯ ಕಂಡದ್ದು ಬೆರಳೆಣಿಕೆಯವುಗಳಲ್ಲಿ. ನಮ್ಮಲ್ಲಿ 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ತೆಗೆಯುವೆನೆಂದಾಗ ದೇಶವೇ ಬೆರಗಾಗಿತ್ತು. 2016ರಲ್ಲಿ ಚೆನ್ನೈನ ನ್ಯಾಯಾಲಯ ಅವರಿಗೆ ವಂಚನೆಗಾಗಿ ಶಿಕ್ಷೆ ವಿಧಿಸಿತು. ಫ್ಯಾರಡೆಯ ಲೆಕ್ಕ ಮಾಡಲು ಇಪ್ಪತ್ತು ವರ್ಷ ಬೇಕಿಲ್ಲ, ಇಪ್ಪತ್ತು ನಿಮಿಷ ಸಾಕು.

ತಿರುಪಿನ ಅರ್ಧ ಸತ್ಯ

ಮಿಶ್ರಣದಲ್ಲಿ ಗಾಳಿಯ ಪಾಲು ಕೊಂಚ ಹೆಚ್ಚಾದರೆ ದಕ್ಷತೆ ಒಂದಿಷ್ಟು ಏರುವುದು ನಿಜ. ಪೆಟ್ರೋಲಿನ ಒಂದು ಭಾಗಕ್ಕೆ ತೂಕದಲ್ಲಿ 14.7 ಭಾಗ ಗಾಳಿ ಬೇಕಾದರೆ ಎಲ್‌ಪಿಜಿಗೆ ಸುಮಾರು 15.5. ತೀರ ಶ್ರೀಮಂತ ಮಿಶ್ರಣದಲ್ಲಿ ಓಡುತ್ತಿದ್ದ ಗಾಡಿಯನ್ನು ಸರಿಯಾದ ಅಳತೆಗೆ ತಂದರೆ ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ. ತಿರುಪಿನ ಕೀರ್ತಿ ಬಂದದ್ದು ಹೀಗೆ. ಅಲ್ಲಿಗೆ ನಿಲ್ಲಿಸದೆ ಇನ್ನೂ ಬಿಗಿ ಮಾಡಿದರೆ ಜ್ವಾಲೆ ನಿಧಾನವಾಗಿ ಹರಡುತ್ತದೆ, ನಿಷ್ಕಾಸ ಕವಾಟ ಅತಿಯಾಗಿ ಕಾಯುತ್ತದೆ, ಕೆಲವು ಸುತ್ತುಗಳಲ್ಲಿ ಕಿಡಿ ಹತ್ತುವುದೇ ಇಲ್ಲ. ಗಾಳಿ-ಅನಿಲ ಬೆರೆತು ಕೊಳವೆಯಲ್ಲೇ ನಿಂತಿರುವ ಹಳೆಯ ಮಾದರಿಯ ಕಿಟ್ಟಿನಲ್ಲಿ ಜ್ವಾಲೆ ಹಿಮ್ಮುಖವಾಗಿ ನುಗ್ಗಿ ಏರ್ ಫಿಲ್ಟರ್ ಪೆಟ್ಟಿಗೆಯನ್ನೇ ಸೀಳಬಹುದು. ಹೊಗೆ ಪರೀಕ್ಷಕ ಯಂತ್ರದ ಮುಂದೆ ಹೊಂದಿಸಬೇಕಾದ ತಿರುಪು ಇದು, ಕಿವಿಯಿಂದ ಕೇಳಿ ಹೊಂದಿಸುವುದಲ್ಲ. ಆಮ್ಲಜನಕ ಸಂವೇದಕವಿರುವ ಹೊಸ ಕಿಟ್ಟುಗಳಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ, ಗಣಕವೇ ಅಳತೆ ನೋಡಿಕೊಳ್ಳುತ್ತದೆ.

ಐದನೆಯ ಒಂದು ಭಾಗ ಖಾಲಿ ಏಕೆ?

ನಾಲ್ಕನೆಯ ಸಲಹೆಗೆ ಬರೋಣ. "ದುಡ್ಡು ಕೊಟ್ಟು ಕೊಂಡ ಟ್ಯಾಂಕು. ಇಪ್ಪತ್ತು ಪರ್ಸೆಂಟ್ ಯಾಕ್ರಿ ಖಾಲಿ ಬಿಡಬೇಕು?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ 'ಕಾನೂನು ಹಾಗಿದೆ' ಎಂದು ಉತ್ತರಿಸಿದರೆ ಯಾರೂ ಕೇಳುವುದಿಲ್ಲ. ಭೌತವಿಜ್ಞಾನದ ಉತ್ತರವನ್ನೇ ಕೊಡಬೇಕು.

ಟ್ಯಾಂಕಿನ ಮಲ್ಟಿವಾಲ್ವಿನಲ್ಲಿ ಒಂದು ಫ್ಲೋಟು ಇದೆ. ದ್ರವ 80 ಪ್ರತಿಶತ ಮುಟ್ಟಿದೊಡನೆ ಅದು ಮೇಲೆದ್ದು ಒಳದಾರಿ ಮುಚ್ಚುತ್ತದೆ. ಉಳಿದ ಜಾಗದಲ್ಲಿರುವುದು ಶೂನ್ಯವಲ್ಲ, ಎಲ್‌ಪಿಜಿಯ ಆವಿ. ದ್ರವ ಮತ್ತು ಆವಿ ಜೊತೆಯಾಗಿ ಇರುವ ತನಕ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ ಮತ್ತು ಅನಿಲದ ಸಂಯೋಜನೆ, ದ್ರವ ಎಷ್ಟಿದೆ ಎಂಬುದಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ಪ್ರೊಪೇನಿನ ಆವಿಯೊತ್ತಡ ಸುಮಾರು 14 ಬಾರ್, ಬ್ಯೂಟೇನಿನದು 4 ಬಾರಿಗೂ ಕಡಿಮೆ. ಮಿಶ್ರಣದ್ದು ಇವೆರಡರ ನಡುವೆ. ಟ್ಯಾಂಕಿನ ಉಕ್ಕು ಇದಕ್ಕೆಲ್ಲ ಸಲೀಸಾಗಿ ಜಗ್ಗುವುದಿಲ್ಲ.

ಆದರೆ ದ್ರವ ಎಲ್‌ಪಿಜಿ ಕಾದಾಗ ಹಿಗ್ಗುತ್ತದೆ, ಅದೂ ನಾವು ದಿನಬಳಕೆಯಲ್ಲಿ ನೋಡುವ ದ್ರವಗಳಿಗಿಂತ ಬಹಳ ಹೆಚ್ಚು. ಪ್ರತಿ ಡಿಗ್ರಿಗೆ ಸುಮಾರು 0.25 ಪ್ರತಿಶತ. ನೀರಿನ ಹತ್ತು ಪಟ್ಟಿಗೂ ಹೆಚ್ಚು, ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು. ಬೆಳಗ್ಗೆ 20 ಡಿಗ್ರಿಯಲ್ಲಿ 36 ಲೀಟರ್ ತುಂಬಿಸಿದ್ದೀರಿ. ಬೇಸಿಗೆಯಲ್ಲಿ ಬೀದರಿನ ನೆರಳಿನ ಉಷ್ಣತೆಯೇ 40 ದಾಟುವುದುಂಟು. ಬಿಸಿಲಿಗೆ ನಿಂತ, ಗಾಜು ಮುಚ್ಚಿದ ವ್ಯಾನಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಟ್ಯಾಂಕು 60 ಡಿಗ್ರಿ ಮುಟ್ಟಿತೆನ್ನಿ: 36 ಲೀಟರ್ ಹಿಗ್ಗಿ 39.6 ಆಗುತ್ತದೆ. ಇನ್ನೂ ಐದು ಲೀಟರಿಗಿಂತ ಹೆಚ್ಚು ಜಾಗ ಉಳಿದಿದೆ. ಯಾರಿಗೂ ಏನೂ ತಿಳಿಯುವುದೇ ಇಲ್ಲ.

ಫ್ಲೋಟು ಬಗ್ಗಿಸಿ 42 ಲೀಟರ್ ತುಂಬಿಸಿದ್ದರೆ? 29 ಡಿಗ್ರಿ ಏರಿದೊಡನೆ, ಅಂದರೆ 49 ಡಿಗ್ರಿಯ ಸುಮಾರಿಗೆ, ಅದು 45 ಲೀಟರ್ ಆಗುತ್ತದೆ. ಆವಿಗೆ ಜಾಗವಿಲ್ಲ, ಟ್ಯಾಂಕು ದ್ರವದಿಂದ ಕಿಕ್ಕಿರಿದಿದೆ. ಇಲ್ಲಿಂದ ಮುಂದೆ ನಿಯಮವೇ ಬದಲಾಗುತ್ತದೆ. ಆವಿಯಾದರೆ ಒತ್ತಿದಷ್ಟೂ ಕುಗ್ಗಿ ದ್ರವವಾಗುತ್ತಿತ್ತು, ದ್ರವ ಹಾಗೆ ಕುಗ್ಗುವುದಿಲ್ಲ. ಇನ್ನು ಪ್ರತಿ ಒಂದು ಡಿಗ್ರಿಗೆ ಒತ್ತಡ ಹಲವು ಬಾರ್ ಜಿಗಿಯುತ್ತದೆ. ಸುಮಾರು 25 ಬಾರಿಗೆ ತೆರೆಯುವ ಸುರಕ್ಷಾ ಕವಾಟ ತೆರೆದುಕೊಳ್ಳಲು ಮೂರು ನಾಲ್ಕು ಡಿಗ್ರಿ ಸಾಕಾಗಬಹುದು. ಕವಾಟ ಕೆಲಸ ಮಾಡದಿದ್ದರೆ ಏನಾದೀತು ಎಂಬುದನ್ನು ಬರೆಯಬೇಕಾಗಿಲ್ಲ.

ಕವಾಟ ಸರಿಯಾಗಿ ಕೆಲಸ ಮಾಡಿತು ಎಂದೇ ಇಟ್ಟುಕೊಳ್ಳೋಣ. ಹೊರಬಿದ್ದ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ತಗ್ಗಿನಲ್ಲಿ ತಂಗುತ್ತದೆ. ಗಾಳಿಯಲ್ಲಿ ಎರಡು ಪ್ರತಿಶತ ಸೇರಿದರೆ ಸಾಕು, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ವ್ಯಾನಿನ ಒಳಾವರಣ ನಾಲ್ಕು ಘನ ಮೀಟರ್ ಎಂದರೆ ಅದರ ಎರಡು ಪ್ರತಿಶತ 80 ಲೀಟರ್. ಅಷ್ಟು ಅನಿಲ ಬರಲು ಮೂರನೆಯ ಒಂದು ಲೀಟರ್ ದ್ರವ ಸೋರಿದರಾಯಿತು, ಒಂದು ತಂಬಿಗೆಯಷ್ಟೂ ಬೇಡ. ಇದಕ್ಕಾಗಿಯೇ ಮಲ್ಟಿವಾಲ್ವಿನ ಸುತ್ತ ಆವಿ ತಡೆಯುವ ಪೆಟ್ಟಿಗೆ ಮತ್ತು ಸೋರಿದ ಅನಿಲ ವಾಹನದ ಹೊರಗೆ ಹೋಗುವ ಕೊಳವೆ ಇರುತ್ತವೆ. ಫ್ಲೋಟು ಬಗ್ಗಿಸಲು ಪೆಟ್ಟಿಗೆ ಬಿಚ್ಚಿದವರು ಅದನ್ನು ಮತ್ತೆ ಸರಿಯಾಗಿ ಮುಚ್ಚಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ.

ಇದೇ ನಿಯಮ ನಿಮ್ಮ ಅಡುಗೆಮನೆಯಲ್ಲೂ ಇದೆ. ಮನೆಯ ಸಿಲಿಂಡರಿನ ಒಳಗಾತ್ರ 33.3 ಲೀಟರ್, ಅದರಲ್ಲಿ ತುಂಬುವ ಅನಿಲ 14.2 ಕಿಲೋಗ್ರಾಂ. 0.54ರಿಂದ ಭಾಗಿಸಿ ನೋಡಿ, ದ್ರವದ ಗಾತ್ರ 26.3 ಲೀಟರ್, ಅಂದರೆ 79 ಪ್ರತಿಶತ! ಹದಿನೈದು ಕಿಲೋ ಎಂಬ ಸುಲಭದ ಅಂಕಿ ಬಿಟ್ಟು 14.2 ಏಕೆ ಎಂದು ಮಕ್ಕಳು ಕೇಳಿದರೆ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆಯಿರಿ. ಆ ಸಿಲಿಂಡರನ್ನೇ ವ್ಯಾನಿಗೆ ಜೋಡಿಸುವ, ಅಥವಾ ಅದರಿಂದ ವ್ಯಾನಿನ ಟ್ಯಾಂಕಿಗೆ ಪಂಪು ಮಾಡುವ ಕೆಟ್ಟ ರೂಢಿಯೂ ರಾಜ್ಯದಲ್ಲಿ ಉಂಟು. ಅದು ಕಾನೂನುಬಾಹಿರ. ಮನೆಯ ಸಿಲಿಂಡರಿಗೆ ಫ್ಲೋಟೂ ಇಲ್ಲ, ಕೊಳವೆ ಕಿತ್ತುಹೋದಾಗ ತಾನಾಗಿ ಮುಚ್ಚಿಕೊಳ್ಳುವ ಅತಿಹರಿವಿನ ಕವಾಟವೂ ಇಲ್ಲ. ನೆಟ್ಟಗೆ ನಿಂತಾಗ ಅದು ಆವಿ ಕೊಡುತ್ತದೆ, ಮಲಗಿಸಿದರೆ ದ್ರವ ಉಗುಳುತ್ತದೆ. ರಸ್ತೆಯ ಗುಂಡಿಯಲ್ಲಿ ಕುಲುಕುವ ಗಾಡಿಗೆ ಮಾಡಿದ ವಸ್ತು ಅದಲ್ಲ.

ಕೀರ್ತಿ ಯಾರಿಗೆ?

ನಾಲ್ಕು ಸಲಹೆಗಳನ್ನೂ ಒಟ್ಟಿಗೆ ಅಳವಡಿಸಿದವರ ಲೆಕ್ಕ ಹೇಗಿರುತ್ತದೆ, ಊಹಿಸಿ ನೋಡೋಣ. ಅಯಸ್ಕಾಂತದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ತಿರುಪನ್ನು ಮುಟ್ಟಿಲ್ಲ ಎನ್ನಿ. ನೀರಿನ ಕಿಟ್ಟಿನಿಂದ ಮೈಲೇಜ್ ಏಳು ಪ್ರತಿಶತ ಇಳಿದು ಲೀಟರಿಗೆ 11.7 ಕಿಲೋಮೀಟರ್ ಆಯಿತು. ಆದರೆ ಟ್ಯಾಂಕಿನಲ್ಲಿ 36ರ ಬದಲು 42 ಲೀಟರ್ ಇದೆ. ಓಟದ ದೂರ ಸುಮಾರು 490 ಕಿಲೋಮೀಟರ್, ಮೊದಲಿಗಿಂತ 40 ಹೆಚ್ಚು! ಎಂಜಿನ್ನು ಮೊದಲಿಗಿಂತ ಹೆಚ್ಚು ಗ್ಯಾಸ್ ಕುಡಿಯುತ್ತಿದೆ, ಓಟದ ದೂರ ಮಾತ್ರ ಹೆಚ್ಚಾಗಿದೆ. ಚಾಲಕರು ಹೊಗಳುವುದು ಕಣ್ಣಿಗೆ ಕಾಣುವ ಗುಳ್ಳೆಗಳನ್ನು, ಕಾಣದ ಫ್ಲೋಟನ್ನಲ್ಲ. ಕಿಟ್ ಮಾರಿದವರಿಗೆ ಇನ್ನೊಬ್ಬ ಗಿರಾಕಿ ಸಿಕ್ಕರು.

ಪ್ರಾಜೆಕ್ಟ್ ವರದಿಗಳನ್ನು ನೋಡುವ ಶಿಕ್ಷಕರು ಇಲ್ಲಿ ಕಣ್ಣಿಡಬೇಕು. 'ಓಟದ ದೂರ' ಮತ್ತು 'ಲೀಟರಿಗೆ ಎಷ್ಟು' ಎರಡೂ ಒಂದೇ ಎಂಬಂತೆ ಬರೆದಿದ್ದರೆ ಅಲ್ಲೇ ನಿಲ್ಲಿಸಿ ಪ್ರಶ್ನಿಸಿ. ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಿದ್ದರೆ ಫಲಿತಾಂಶ ಯಾವುದಕ್ಕೂ ಸೇರುವುದಿಲ್ಲ. ಪೆಟ್ರೋಲ್ ಲೆಕ್ಕ ಎಲ್ಲಿ ಎಂದು ಕೇಳಿ: ಬದಲಾಯಿಸಿದ ವಾಹನಗಳು ಸಾಮಾನ್ಯವಾಗಿ ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯಾದ ಮೇಲೆ ಗ್ಯಾಸಿಗೆ ಹೊರಳುತ್ತವೆ. ದಿನಕ್ಕೆ ಹತ್ತು ಸಲ ನಿಂತು ಹೊರಡುವ ಗಾಡಿಯಲ್ಲಿ ಆ ಪೆಟ್ರೋಲೇ ಗ್ಯಾಸಿನ ಹೆಸರಿನಲ್ಲಿ ಒಂದಷ್ಟು ಕಿಲೋಮೀಟರ್ ಓಡಿಸಿರುತ್ತದೆ. ಬಂಕಿನಲ್ಲಿ ಗಾಡಿ ಕೊಂಚ ವಾಲಿ ನಿಂತರೆ ಫ್ಲೋಟು ಒಂದೆರಡು ಲೀಟರ್ ಹಿಂದೆ ಮುಂದೆ ನಿಲ್ಲಿಸುತ್ತದೆ. 36ರಲ್ಲಿ ಎರಡು ಲೀಟರ್ ಎಂದರೇ ಐದೂವರೆ ಪ್ರತಿಶತ. ಹೀಗಿರುವಾಗ ಒಂದೇ ಓಟದಿಂದ 'ಐದು ಪ್ರತಿಶತ ಉಳಿತಾಯ' ಎಂದು ಬರೆದರೆ ಅರ್ಥವೇನು?

ರಸ್ತೆಯ ಇಳಿಜಾರೂ ಮೋಸ ಮಾಡುತ್ತದೆ. ಬೀದರ್ ಇರುವುದು ಎತ್ತರದ ಮುರಕಲ್ಲಿನ ಪ್ರಸ್ಥಭೂಮಿಯ ಮೇಲೆ. ಅಲ್ಲಿಂದ ಔರಾದಿಗೆ ಹೊರಟರೆ ಪ್ರಸ್ಥಭೂಮಿ ಇಳಿದು ಮಾಂಜ್ರಾ ನದಿಯ ಕಣಿವೆಗೆ ಬರಬೇಕು. ಒಂದು ಟನ್ ತೂಕದ ವ್ಯಾನು ನೂರು ಮೀಟರ್ ಕೆಳಗಿಳಿದರೆ ಗುರುತ್ವ ಕೊಡುವ ಶಕ್ತಿ ಸುಮಾರು ಒಂದು ಮೆಗಾಜೂಲ್. ಒಂದು ಲೀಟರ್ ಎಲ್‌ಪಿಜಿಯಿಂದ ಚಕ್ರಕ್ಕೆ ಸಿಗುವುದು ಐದು ಮೆಗಾಜೂಲ್. ಅಂದರೆ ಪ್ರತಿ ನೂರು ಮೀಟರ್ ಇಳಿತಕ್ಕೆ, ಬ್ರೇಕಿಗೆ ಹೋಗದಿದ್ದರೆ, ಲೀಟರಿನ ಐದನೆಯ ಒಂದು ಭಾಗ ಪುಕ್ಕಟೆ. ನಲವತ್ತು ಕಿಲೋಮೀಟರಿನ ಓಟಕ್ಕೆ ಮೂರು ಚಿಲ್ಲರೆ ಲೀಟರ್ ಬೇಕಾಗುವಲ್ಲಿ ಇದೇ ಆರು ಪ್ರತಿಶತ. ಹೋಗುವಾಗ ಕಿಟ್ ಹಾಕಿ, ಬರುವಾಗ ಕಿಟ್ ತೆಗೆದು ಅಳೆದವರಿಗೆ ಗುರುತ್ವಾಕರ್ಷಣೆಯೇ ಬಹುಮಾನ ಕೊಡಿಸುತ್ತದೆ.

ಅಯಸ್ಕಾಂತವನ್ನು ನಿಜವಾಗಿ ಪರೀಕ್ಷಿಸುವ ಆಸೆ ವಿದ್ಯಾರ್ಥಿಗಳಿಗಿದ್ದರೆ ಹೀಗೆ ಮಾಡಲಿ. ಅದೇ ಆಕಾರದ, ಅದೇ ಬಣ್ಣದ, ಕಾಂತತ್ವವಿಲ್ಲದ ತುಂಡೊಂದನ್ನು ಮಾಡಿಸಲಿ. ಯಾವ ದಿನ ಯಾವುದನ್ನು ಕಟ್ಟಿದೆ ಎಂಬುದು ಚಾಲಕರಿಗೂ ಅಳೆಯುವವರಿಗೂ ಗೊತ್ತಿರಬಾರದು, ಶಿಕ್ಷಕರ ಪುಸ್ತಕದಲ್ಲಿ ಮಾತ್ರ ಬರೆದಿರಲಿ. ಅದೇ ರಸ್ತೆ, ಹೋಗಿ ಬರುವುದು ಎರಡೂ, ಅದೇ ಬಂಕು, ನಿಲ್ಲುವ ಜಾಗವೂ ಅದೇ, ಕನಿಷ್ಠ ಆರೇಳು ಸಲ. ಉಳಿತಾಯ ಆಗಲಿಲ್ಲ ಎಂಬ ಫಲಿತಾಂಶ ಬಂದರೂ ಆ ಪ್ರಾಜೆಕ್ಟಿಗೆ ಪೂರ್ಣ ಅಂಕ ಕೊಡಿ. ಅಂಥ ಒಂದು ವರದಿ ಹತ್ತು ಹೊಳೆಯುವ ಮಾದರಿಗಳಿಗೆ ಸಮ.

ಹಾಗಾದರೆ ಮಾಡಬಹುದಾದದ್ದೇನು?

ಭಾಗಾಕಾರದ ಕೆಳಗಿನ ಅಂಕಿ, ಅಂದರೆ ತಡೆಯುವ ಬಲ, ಯಾರ ಕಣ್ಣಿಗೂ ಬೀಳುವುದಿಲ್ಲ. ನಿಜವಾದ ಅವಕಾಶ ಅಲ್ಲಿದೆ. 1100 ಕಿಲೋಗ್ರಾಂ ತೂಗುವ ತುಂಬಿದ ವ್ಯಾನಿಗೆ ಟಯರುಗಳ ಉರುಳು ತಡೆ ಸುಮಾರು 140 ನ್ಯೂಟನ್. ಗಾಳಿಯ ತಡೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ 95 ನ್ಯೂಟನಿನಷ್ಟಿದ್ದರೆ 80ರಲ್ಲಿ 245. ಒಟ್ಟು ತಡೆ 235ರಿಂದ 385ಕ್ಕೆ ಏರುತ್ತದೆ. ಎಂಜಿನ್ನಿನ ದಕ್ಷತೆಯೂ ವೇಗದೊಡನೆ ಬದಲಾಗುವುದರಿಂದ ಓಟದ ದೂರ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲವಾದರೂ, ಯಾವ ಕಿಟ್ಟೂ ಕೊಡದಷ್ಟು ಉಳಿತಾಯ ಬಲಗಾಲಿನಲ್ಲೇ ಇದೆ. ಟಯರಿನ ಗಾಳಿ ಸರಿಯಾಗಿರಲಿ, ಬೇಡದ ದಿನ ಮಾಡಿನ ಮೇಲಿನ ಕ್ಯಾರಿಯರ್ ಇಳಿಸಿಡಿ, ಏರ್ ಫಿಲ್ಟರ್ ಮತ್ತು ಪ್ಲಗ್ಗುಗಳನ್ನು ಕಾಲಕಾಲಕ್ಕೆ ನೋಡಿಸಿ.

ಎಲ್‌ಪಿಜಿಯ ಆಕ್ಟೇನ್ ಸಂಖ್ಯೆ ಪೆಟ್ರೋಲಿಗಿಂತ ಹೆಚ್ಚು, ಆದ್ದರಿಂದ ಸಂಪೀಡನ ನಿಷ್ಪತ್ತಿಯನ್ನು ಏರಿಸಬಹುದು. ಅದನ್ನು 8.8ರಿಂದ 10.5ಕ್ಕೆ ಏರಿಸಿದರೆ ಆಟೊ ಚಕ್ರದ ಸೂತ್ರದಂತೆ ದಕ್ಷತೆ ಐದಾರು ಪ್ರತಿಶತ ಹೆಚ್ಚುತ್ತದೆ. ಆದರೆ ಅದು ಎಲ್‌ಪಿಜಿಗೆಂದೇ ಮಾಡಿದ ಎಂಜಿನ್ನಿಗೆ ಸರಿ. ಎರಡೂ ಇಂಧನದಲ್ಲಿ ಓಡಬೇಕಾದ ಹಳೆಯ ಎಂಜಿನ್ನಿಗೆ ಹಾಗೆ ಮಾಡಿದರೆ ಪೆಟ್ರೋಲಿನಲ್ಲಿ ಬಡಿತ ಶುರುವಾಗುತ್ತದೆ.

ಇನ್ನೂ ದೂರ ಬೇಕೇ ಬೇಕು ಎನ್ನುವವರಿಗೆ ಎರಡು ನೇರ ದಾರಿಗಳಿವೆ. ಒಂದು, ಮಾನ್ಯತೆ ಪಡೆದ ದೊಡ್ಡ ಟ್ಯಾಂಕನ್ನು ಅಧಿಕೃತ ಕೇಂದ್ರದಲ್ಲಿ ಹಾಕಿಸಿ ನೋಂದಣಿ ಪುಸ್ತಕದಲ್ಲಿ ನಮೂದಿಸುವುದು. 60 ಲೀಟರಿನ ಟ್ಯಾಂಕಿನಲ್ಲಿ 48 ಲೀಟರ್ ಹಿಡಿಯುತ್ತದೆ. ಫ್ಲೋಟು ಬಗ್ಗಿಸಿ ಕದ್ದ 42ಕ್ಕಿಂತ ಅದು ಹೆಚ್ಚೇ ಆಯಿತು, ಹಿಗ್ಗಲು 12 ಲೀಟರ್ ಜಾಗವೂ ಉಳಿಯಿತು. ಎರಡನೆಯದು ವಾಹನದಲ್ಲೇ ಇದೆ: ಪೆಟ್ರೋಲ್ ಟ್ಯಾಂಕು. ಅದರಲ್ಲಿ ಹತ್ತು ಲೀಟರ್ ಇಟ್ಟರೆ, ಲೀಟರಿಗೆ 12.5ಕ್ಕೆ ಬದಲು 16 ಕಿಲೋಮೀಟರಿನಂತೆ, ಮತ್ತೆ 160 ಕಿಲೋಮೀಟರ್. ಬೀದರಿನಿಂದ ಹೈದರಾಬಾದ್ ಮುಟ್ಟಿದಂತಾಯಿತು. ಅನೇಕರು ಅದನ್ನು ಒಣಗಿಸಿಟ್ಟು, ಪಂಪು ಕೆಡಿಸಿಕೊಂಡು, ಅಯಸ್ಕಾಂತ ಹುಡುಕುತ್ತಾರೆ.

ಮಕ್ಕಳು ಶಾಲೆಗೆ ಗ್ಯಾಸ್ ವ್ಯಾನಿನಲ್ಲಿ ಬರುತ್ತಿದ್ದರೆ ಶಿಕ್ಷಕರಾದ ನೀವು ಮಾಡಬಹುದಾದ ಪರೀಕ್ಷೆ ಒಂದಿದೆ, ಯಾವ ಉಪಕರಣವೂ ಬೇಡ. ಟ್ಯಾಂಕಿನ ಫಲಕದಲ್ಲಿ ಅದರ ನೀರಿನ ಗಾತ್ರ ಲೀಟರಿನಲ್ಲಿ ಕೆತ್ತಿರುತ್ತದೆ. ಹತ್ತಿರವೇ ಪರೀಕ್ಷೆಯ ದಿನಾಂಕವೂ ಇರಬೇಕು, ಅದು ಐದು ವರ್ಷ ದಾಟಿರಬಾರದು. ಗಾತ್ರವನ್ನು 0.8ರಿಂದ ಗುಣಿಸಿ. ಚಾಲಕರಿಂದ ಬಂಕಿನ ನಾಲ್ಕಾರು ರಸೀದಿಗಳನ್ನು ಕೇಳಿ ಪಡೆಯಿರಿ. ಯಾವುದಾದರೂ ರಸೀದಿಯ ಲೀಟರ್ ನಿಮ್ಮ ಗುಣಲಬ್ಧಕ್ಕಿಂತ ಎರಡು ಮೂರು ಲೀಟರಿಗಿಂತ ಹೆಚ್ಚು ಇದ್ದರೆ ಫ್ಲೋಟಿಗೆ ಯಾರೋ ಕೈ ಹಾಕಿರಬಹುದು. ರಸೀದಿಯೇ ಇಲ್ಲ ಎಂದರೆ ಗ್ಯಾಸ್ ಎಲ್ಲಿಂದ ಬರುತ್ತದೆ ಎಂದು ಕೇಳಿ. ಅಧಿಕೃತ ಕೇಂದ್ರದಲ್ಲಿ ಟ್ಯಾಂಕು ಪರೀಕ್ಷಿಸಿ ತರುವ ತನಕ ಆ ವ್ಯಾನಿನಲ್ಲಿ ಮಕ್ಕಳು ಕೂರುವುದು ಬೇಡ.